ಅಕ್ಕನ ಸೊಲ್ಲಿಗೆ ಬಿಟ್ಟ ಜಾಗ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಎಲ್ಲರ ಮನೆಯಲ್ಲೂ ಇರುವಂಥ ಸಾಮಾನುಗಳೇ ತೂಗುತ್ತವೆ. ಚಹಾ ಸೋಸುವ ಜಾಲರಿ, ಕೀಲಿಯ ಗೊಂಚಲು, ಒಂದು ಕಾಲು ಮುರಿದ ಕನ್ನಡಕ. ಅವುಗಳ ನಡುವೆ ನೀಲಿ ಪಟ್ಟಿಯ ಎರಡು ಕಾರ್ಡುಗಳೂ ಇವೆ. ಕೊರಳಿಗೆ ಹಾಕಿಕೊಳ್ಳುವಂಥವು, ದೊಡ್ಡ ಆಫೀಸಿನವರು ಹಾಕಿಕೊಂಡು ಓಡಾಡುವುದನ್ನು ನೀವು ನೋಡಿರುತ್ತೀರಿ. ಒಂದರಲ್ಲಿ ನನ್ನ ಫೋಟೊ ಇದೆ, ಇನ್ನೊಂದರಲ್ಲಿ ನನ್ನ ಅಕ್ಕ ಸಿದ್ದಮ್ಮನದು. ಎರಡರ ಕೆಳಗೂ ‘ಕಲಾವಿದರು’ ಎಂದು ಬರೆದಿದೆ. ಗಾಳಿ ಬಂದಾಗ ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತವೆ. ಮೊದಮೊದಲು ಆ ಸದ್ದಿಗೆ ಎದೆ ಧಸಕ್ಕೆನ್ನುತ್ತಿತ್ತು. ಈಗ, ಒಲೆಯ ಮೇಲಿನ ಹಾಲು ಉಕ್ಕಿತೇನೋ ಎಂದು ನೋಡುವ ಹಾಗೆ ಒಮ್ಮೆ ತಿರುಗಿ ನೋಡಿ ಸುಮ್ಮನಾಗುತ್ತೇನೆ.

ಆ ಫೋಟೊಗಳನ್ನು ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ತೆಗೆಸಿದ್ದು. ಫೋಟೊದವನು ನಗಬೇಡಿರಿ ಎಂದು ಹೇಳಿದ್ದಕ್ಕೆ, ದಿನಕ್ಕೆ ನೂರು ಸಲ ನಗುತ್ತಿದ್ದ ಅಕ್ಕ ಮುಖ ಬಿಗಿದುಕೊಂಡು ಕುಳಿತಳು. ತಹಸೀಲ ಕಚೇರಿಗೆ ತಕರಾರು ಕೊಡಲು ಬಂದವಳಂತೆ ಕಾಣುತ್ತಾಳೆ. ನನ್ನ ಪಾಳಿ ಬಂದಾಗ ಅವಳು ಫೋಟೊದವನ ಬೆನ್ನ ಹಿಂದೆ ನಿಂತು ಮೂತಿ ತಿರುವಿದಳು. ಹಾಗಾಗಿ ಎಂದೂ ಹೆಚ್ಚು ನಗದ ನಾನು ಆ ಕಾರ್ಡಿನಲ್ಲಿ ಹಲ್ಲು ಬಿಟ್ಟಿದ್ದೇನೆ. ನಮ್ಮಿಬ್ಬರನ್ನೂ ಬಲ್ಲವರು ಯಾರಾದರೂ ಬಂದರೆ ಕಾರ್ಡು ಅದಲು ಬದಲಾಗಿದೆ ಎನ್ನುತ್ತಾರೆ.

ಕಲಾವಿದರು ಎಂಬ ಮಾತು ಅಕ್ಕನಿಗೆ ಒಪ್ಪುತ್ತದೆ. ನನಗಲ್ಲ. ನಾನು ಹಿಂದೆ ಹಾಡುವವಳು. ನಮ್ಮ ಕಡೆಯ ಭಜನೆ ನೀವು ಕೇಳಿಲ್ಲವೆಂದರೆ ಹೇಳಿಬಿಡುತ್ತೇನೆ. ಮುಂದೆ ಹಾಡುವವಳು ತಾಳ ಎತ್ತಿ ಒಂದು ಸೊಲ್ಲು ಹೇಳುತ್ತಾಳೆ. ಅದೇ ಸೊಲ್ಲನ್ನು ಹಿಂದೆ ಹಾಡುವವರು ತಿರುಗಿ ಹೇಳುತ್ತಾರೆ. ಮುಂದಿನವಳಿಗೆ ಪದ, ಅಂದರೆ ಇಡೀ ಹಾಡು, ಗೊತ್ತಿರಬೇಕು. ಹಿಂದಿನವಳಿಗೆ ಕಿವಿ ಇದ್ದರೆ ಸಾಕು. ನನ್ನ ಕಿವಿ ಚಲೋ ಇದ್ದವು.

ಹಿಂದೆ ಹಾಡುವುದನ್ನು ನಾನು ಭಜನೆಯಲ್ಲಿ ಕಲಿತದ್ದಲ್ಲ. ನಮ್ಮ ತವರು ನಿಂಬರ್ಗಾ. ಅಲ್ಲಿ ನಮ್ಮ ಹೊಲದಲ್ಲಿ ಒಂದು ಹಾಳುಬಾವಿ ಇತ್ತು. ಅಕ್ಕ ಅದರೊಳಗೆ ಬಗ್ಗಿ ಕೂಗುತ್ತಿದ್ದಳು, ಬಾವಿ ತಿರುಗಿ ಕೂಗುತ್ತಿತ್ತು, ಬಾವಿಯ ಹಿಂದೆ ನಾನು ಕೂಗುತ್ತಿದ್ದೆ. “ಒಂದು ಬಾವಿ ಸಾಲದಂತ ಅವ್ವ ಇನ್ನೊಂದ ಹಡದಾಳ ನೋಡ್ರಿ” ಎಂದು ಅಕ್ಕ ಗೆಳತಿಯರ ಮುಂದೆ ಹೇಳುತ್ತಿದ್ದಳು. ಡಬ್ಬಿಯ ಬೆಲ್ಲ ಕಡಿಮೆಯಾದಾಗ ಅವ್ವ ಕೇಳಿದರೆ ಅಕ್ಕ ಬೆಕ್ಕು ಎನ್ನುತ್ತಿದ್ದಳು. ನಾನೂ ಬೆಕ್ಕು ಎನ್ನುತ್ತಿದ್ದೆ. ಬೆಕ್ಕಿಗೆ ಬೆಲ್ಲ ಸೇರುತ್ತದೆಯೇ ಎಂದು ಅವ್ವ ಕೇಳಿದರೆ ಹಸಿದ ಬೆಕ್ಕಿಗೆ ಸೇರುತ್ತದೆ ಎಂದು ಅಕ್ಕ, ಸೇರುತ್ತದೆ ಎಂದು ನಾನು. ಸರಸಂಬಾದಿಂದ ಅಣ್ಣತಮ್ಮಂದಿರಿಬ್ಬರು ಹೆಣ್ಣು ನೋಡಲು ಬಂದಾಗಲೂ ಹಾಗೇ ಆಯಿತು. ಹಿರಿಯರು ಕೇಳಿದರು, ಅಕ್ಕ ಹೂಂ ಅಂದಳು, ನಾನೂ ಹೂಂ ಅಂದೆ. ಇಬ್ಬರಲ್ಲಿ ನನಗೆ ಗೊತ್ತುಮಾಡಿದವರು ಯಾರು ಎಂದು ಆಮೇಲೆ ಅಡುಗೆಮನೆಯಲ್ಲಿ ಅವಳನ್ನೇ ಕೇಳಿ ತಿಳಿದುಕೊಂಡೆ. ಹೀಗೆ ಒಂದೇ ಮನೆಗೆ ಬಂದೆವು, ಒಂದೇ ಒಲೆಯ ಮುಂದೆ ರೊಟ್ಟಿ ಬಡಿದೆವು. ಅವಳು ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಅಲ್ಲಿಯೂ ನಾನೇ ಹಿಂದೆ.

ಅಕ್ಕನಿಗೆ ಪದಗಳು ಎಲ್ಲೆಲ್ಲಿಂದಲೋ ಬಂದು ಸೇರುತ್ತಿದ್ದವು. ಒಂದು ನಮ್ಮ ಅಜ್ಜಿ ಕೊಟ್ಟದ್ದು. ಒಂದು ಅಫಜಲಪುರದ ಕಡೆಯಿಂದ ಕಬ್ಬು ಕಡಿಯಲು ಬಂದ ಹೆಂಗಸು ನಮ್ಮ ಬದುವಿನ ಮೇಲೆ ಬುತ್ತಿ ಉಣ್ಣುತ್ತ ಕಲಿಸಿ ಹೋದದ್ದು. ಪ್ರತಿ ಸೋಮವಾರ ಸಂಜೆ ಮಠದ ಪಡಸಾಲೆಯಲ್ಲಿ ನಮ್ಮ ಭಜನೆ. ಗಂಗಮ್ಮ ಏಕತಾರಿ ಹಿಡಿಯುತ್ತಿದ್ದಳು. ಅವಳು ನಮ್ಮ ಓಣಿಯವಳು, ಅಕ್ಕನ ಜೀವದ ಗೆಳತಿ, ನಾಲಿಗೆ ಮಾತ್ರ ಕುಡಗೋಲು. ಹೊಲಿಗೆ ಅಂಗಡಿಯ ಮೈಬೂಬಸಾಬ್ ತಬಲಾ ಬಾರಿಸುತ್ತಿದ್ದ. ನನ್ನ ಜೊತೆ ಹಿಂದೆ ಹಾಡಲು ಓಣಿಯ ಇಬ್ಬರು ಮೂವರು ಹೆಂಗಸರಿದ್ದರು. ಹಾಡಿನ ಹುಚ್ಚಿನಿಂದ ಊರೂರು ತಿರುಗುವ ಒಬ್ಬರು ನಮ್ಮ ಭಜನೆಯ ಒಂದು ತುಣುಕನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗಿದ್ದರು. ಕೆಲವು ದಿನಗಳಲ್ಲಿ ಫೋನು ಬಂತು. ಚಳಿಗಾಲದಲ್ಲಿ ಬೀದರದ ಕೋಟೆಯೊಳಗೆ ದೇಶದೇಶದವರು ಸೇರಿ ತಮ್ಮ ತಮ್ಮ ದೇವರ ಹಾಡು ಹಾಡುತ್ತಾರಂತೆ, ನೀವೂ ಬರಬೇಕು ಎಂದು. ಅಕ್ಕ ಹೂಂ ಅಂದಳು. ಫೋಟೊ ತೆಗೆಸಿ ಕಳಿಸಿದೆವು.

ಶ್ರಾವಣದಲ್ಲಿ ಅಕ್ಕ ಹೋದಳು. ಜಡ್ಡು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದವರು ತಿರುಗಿ ಕರೆದುಕೊಂಡು ಬಂದದ್ದು ಅವಳನ್ನಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ಹೆಣದ ಮುಂದೆ ಭಜನೆ ಮಾಡುವುದು ನಮ್ಮಲ್ಲಿ ಪದ್ಧತಿ. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಒಂದು ಸೊಲ್ಲೂ ನೆನಪಾಗಲಿಲ್ಲ. ದುಃಖಕ್ಕೆ ಹಾಗಾಯಿತು ಎಂದು ಅವರು ತಿಳಿದರು. ದುಃಖ ಇತ್ತು, ಆದರೆ ವಿಷಯ ಬೇರೆಯಾಗಿತ್ತು. ಅವಳು ಎತ್ತಿಕೊಡದೆ ನನಗೆ ಯಾವ ಪದವೂ ಬರುತ್ತಿರಲಿಲ್ಲ. ಹಿಂದಿನಿಂದ ಎಲ್ಲವೂ ಗೊತ್ತು, ಮುಂದಿನಿಂದ ಏನೂ ಗೊತ್ತಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಒಬ್ಬಳೇ ಕುಳಿತು ಎಷ್ಟೋ ಸಲ ಪ್ರಯತ್ನ ಮಾಡಿದೆ. ಬಾಯಿ ತೆರೆದರೆ ಬಾವಿಯ ಹಾಗೆ ಖಾಲಿ. ಸೋಮವಾರದ ಭಜನೆ ನಿಂತುಹೋಯಿತು. ಅಕ್ಕನ ಪದಗಳನ್ನೆಲ್ಲ ಬಲ್ಲವಳು ಇನ್ನು ನಾನೊಬ್ಬಳೇ. ನನ್ನ ಬಾಯಿಂದ ಬಾರದಿದ್ದರೆ ಅವಳ ಜೊತೆ ಅವೂ ಮಣ್ಣಿಗೆ ಹೋದವು ಎಂದೇ ಲೆಕ್ಕ. ಅದು ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಬೀದರಕ್ಕೆ ಬರುವುದಿಲ್ಲ ಎಂದು ಫೋನು ಮಾಡಿಬಿಡು ಎಂದು ಗಂಗಮ್ಮನಿಗೆ ಹೇಳಿದೆ. ಅವಳು ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಮೊರ ಕೆಳಗಿಟ್ಟಳು.

“ಹೂಂ ಅಂದಾಕಿ ಹೋಗ್ಯಾಳ ಬೇ. ಹೂಂ ಅಂದಿದ್ದು ಇನ್ನಾ ಉಳದದ.”

ಊರಿನಲ್ಲಿ ತೊಗರಿಯ ರಾಶಿ ನಡೆದಿತ್ತು. ಕೈಬಿಡುವಿಲ್ಲದ ದಿನಗಳು. ಅಂಥದರಲ್ಲಿ ಒಂದು ಜೀಪು ಮಾಡಿಕೊಂಡು ಮೇಳದವರೆಲ್ಲ ಹೊರಟೆವು. ದಾರಿಯುದ್ದಕ್ಕೂ ಗಂಗಮ್ಮ ಜೀಪಿನವನಿಗೆ ದಾರಿ ಹೇಳುತ್ತ ಬಂದಳು. ಅವಳು ಬೀದರ ನೋಡಿರಲಿಲ್ಲ.

ಕೋಟೆಯ ಬಾಗಿಲಲ್ಲಿ ಮೇಘನಾ ಎಂಬ ಹುಡುಗಿ ನಮ್ಮನ್ನು ಎದುರುಗೊಂಡಳು. ಮೈಸೂರಿನ ಕಡೆಯವಳು, ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಿದ್ದಳು. ಕಾರ್ಡು ಹಂಚುತ್ತ ಅಕ್ಕನ ಕಾರ್ಡು ಕೈಯಲ್ಲಿ ಉಳಿದಾಗ ಇವರೆಲ್ಲಿ ಎಂದು ಕೇಳಿದಳು. ವಿಷಯ ತಿಳಿದು ಅವಳ ಮುಖ ಬಾಡಿತು. ಕಾರ್ಡನ್ನು ಬೇಗ ಚೀಲಕ್ಕೆ ಹಾಕಿಕೊಳ್ಳಲು ಹೋದಳು. ಗಂಗಮ್ಮ ಕೈ ಚಾಚಿ ಇಸಿದುಕೊಂಡು ನನ್ನ ಕೊರಳಿಗೆ ಹಾಕಿದಳು. ಒಳಗೆ ಬಿಡುವಾಗ ಕಾವಲಿನವರು ಒಬ್ಬರಿಗೆ ಎರಡು ಯಾಕೆ ಎಂದು ತಡೆದರು.

“ಒಂದು ಹೋದಾಕಿದ್ರಿ, ಒಂದು ಬಂದಾಕಿದು” ಅಂದಳು ಗಂಗಮ್ಮ. ಅವರಿಗೆ ಏನು ತಿಳಿಯಿತೋ, ದಾರಿ ಬಿಟ್ಟರು.

ಅಷ್ಟು ದೊಡ್ಡ ಗೋಡೆಗಳನ್ನು ನಾನು ಕಂಡದ್ದು ಅದೇ ಮೊದಲು. ಹಳೆಯ ಮಹಲಿನ ಮುಂದೆ ವೇದಿಕೆ ಹಾಕಿದ್ದರು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು ಸಾಲುಸಾಲು, ಎಲ್ಲವೂ ಖಾಲಿ. ಮೀಸೆಯ ಮೈಕಿನವರು ಬಂದು ನಮ್ಮ ಮುಂದೆಲ್ಲ ಮೈಕು ನೆಟ್ಟು, ಹಾಡಿರಮ್ಮ ಎಂದರು. ನೀವು ತಿಳಿದವರು, ಅದು ಏನೆಂದು ನಿಮಗೆ ಗೊತ್ತಾಗಿರುತ್ತದೆ. ನಮಗೆ ಗೊತ್ತಾಗಲಿಲ್ಲ. ಹಾಡಿರಿ ಎಂದರೆ ಹಾಡುವುದು. ಎದುರಿಗೆ ಜನ ಇಲ್ಲದ್ದು ನಮಗೆ ವಿಚಿತ್ರ ಅನಿಸಲಿಲ್ಲ. ಸರಸಂಬಾದ ಮಠದಲ್ಲಿ ನಮ್ಮ ಭಜನೆಗೆ ಎದುರು ಯಾರಿರುತ್ತಿದ್ದರು? ಒಂದು ನಾಯಿ, ಒಮ್ಮೊಮ್ಮೆ ಸ್ವಾಮಿಗಳು. ಭಜನೆ ಕುರ್ಚಿಗಳಿಗಾಗಿ ಮಾಡುವಂಥದ್ದಲ್ಲ. ಗಂಗಮ್ಮ ಮುಂದೆ ದೀಪ ಹಚ್ಚಿದಳು. ಏಕತಾರಿ ಮೀಟಿದಳು. ಮೈಬೂಬಸಾಬ್ ತಬಲಾ ಹದ ಮಾಡಿಕೊಂಡ. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಅಕ್ಕನ ತಾಳ ಎತ್ತಿದೆ. ಎತ್ತಿ, ರೂಢಿಯಂತೆ ಕಾದೆ. ಇಷ್ಟು ವರ್ಷ ಆ ಹೊತ್ತಿನಲ್ಲಿ ನಾನು ಮಾಡಿದ್ದು ಅದೊಂದೇ, ಕಾಯುವುದು. ತಬಲಾ ಒಂದು ಸುತ್ತು ನಡೆಯಿತು. ಆ ಸುತ್ತಿನಲ್ಲಿ, ಕಿವಿಯೊಳಗೆ ಅನ್ನುವುದೋ ಎದೆಯೊಳಗೆ ಅನ್ನುವುದೋ, ಅಕ್ಕನ ಸೊಲ್ಲು ಅದರ ಪಾಡಿಗೆ ಅದು ಹಾಡಿಕೊಂಡು ಹೋಯಿತು. ಅವಳ ಉಸಿರು ಎಳೆಯುವ ರೀತಿ, ಕೊನೆಯಲ್ಲಿ ದನಿ ಸ್ವಲ್ಪ ಜಾರಿಸುವ ರೀತಿ, ಎಲ್ಲ ಇತ್ತು. ಅದು ಮುಗಿದ ಕೂಡಲೇ ನಾನು ನನ್ನ ಕೆಲಸ ಮಾಡಿದೆ. ತಿರುಗಿ ಹೇಳಿದೆ. ಹಿಂದಿನವರು ನನ್ನ ಹಿಂದೆ ಹೇಳಿದರು. ಮತ್ತೆ ಒಂದು ಸುತ್ತು ಕಾದೆ. ಮತ್ತೆ ಅಕ್ಕ ಹಾಡಿದಳು, ಮತ್ತೆ ನಾನು ಹೇಳಿದೆ. ಹೀಗೆ ಒಂದೊಂದು ಸೊಲ್ಲಿಗೂ ಮೊದಲು ಒಂದೊಂದು ಸುತ್ತು ಖಾಲಿ ಬಿಡುತ್ತ ನಾನು ಹಾಡಿದೆ. ಕೇಳುವವರಿಗೆ ಅದು ಖಾಲಿ. ನನಗೆ ಅದು ಅಕ್ಕನ ಜಾಗ. ಮೈಬೂಬಸಾಬನಿಗೆ ತಿಳಿಯಿತು ಅಂತ ಕಾಣುತ್ತದೆ. ಆ ಸುತ್ತುಗಳಲ್ಲಿ ಬೆರಳು ಹಗುರ ಮಾಡುತ್ತಿದ್ದ, ಅಕ್ಕ ಹಾಡುವಾಗ ಮಾಡುತ್ತಿದ್ದ ಹಾಗೆಯೇ.

ಒಂದು ಪದ ಮುಗಿಯುತ್ತಿದ್ದಂತೆ ಮೈಕಿನವರು ಎರಡೂ ಕೈ ಮೇಲೆತ್ತಿದರು. ಸಾಕು ಎಂದು ಹೇಳಿದ್ದಂತೆ. ಗಂಗಮ್ಮ ಅದನ್ನು ಭಕ್ತಿ ಎಂದು ತಿಳಿದಳು. ಶರಣಾರ್ಥಿ ಎಂದು ತಲೆಬಾಗಿಸಿ ಏಕತಾರಿ ಇನ್ನಷ್ಟು ಜೋರಾಗಿ ಮೀಟಿದಳು. ಅವರು ಕೈ ಎತ್ತಿದಷ್ಟೂ ನಮಗೆ ಹುರುಪು ಬಂತು. ಗುರುವಿನ ಪದದಿಂದ ಹಿಡಿದು ಮಂಗಳಾರತಿಯವರೆಗೆ ಒಂದನ್ನೂ ಬಿಡದೆ ಹಾಡಿದೆವು. ಮೈಕಿನವರು ಕೊನೆಗೆ ಕುರ್ಚಿಯೊಂದರಲ್ಲಿ ಕುಳಿತು ಕಣ್ಣು ಮುಚ್ಚಿದರು. ಅದೂ ಭಕ್ತಿಯೇ ಎಂದುಕೊಂಡೆವು.

ಮಂಗಳ ಹಾಡಿ, ಆರತಿ ಬೆಳಗಿ, ತಾಳಗಳನ್ನು ವಸ್ತ್ರದಲ್ಲಿ ಸುತ್ತಿ ಗಂಟು ಕಟ್ಟಿದೆ. ಮುಗಿಯಿತು, ಪದಗಳು ಹೋಗಿಲ್ಲ, ಬಂದವು. ನನಗೆ ಆಗ ಅನಿಸಿದ್ದು ಹೆಮ್ಮೆಯಲ್ಲ. ಹೊತ್ತ ಹೊರೆಯನ್ನು ಬದುವಿನ ಮೇಲೆ ಇಳಿಸಿ ಸೊಂಟ ನೆಟ್ಟಗೆ ಮಾಡಿದಾಗ ಅನಿಸುತ್ತದಲ್ಲ, ಅಷ್ಟೇ.

ಊಟಕ್ಕೆ ಕರೆದರು. ಕಾರ್ಡು ತೋರಿಸಿದವರಿಗೆ ತಟ್ಟೆ. ಗಂಗಮ್ಮ ಅಕ್ಕನ ಕಾರ್ಡನ್ನೂ ತೋರಿಸಿ ಒಂದು ತಟ್ಟೆ ಹೆಚ್ಚಿಗೆ ತಂದಳು. ಮೊದಲ ಎಡೆ ಹೋದವರಿಗೆ ಇಡಬೇಕಲ್ಲ. ಕೋಟೆಯ ಗೋಡೆಯ ಬುಡದಲ್ಲಿ ಆ ತಟ್ಟೆ ಇಟ್ಟು ಕೈಮುಗಿದೆವು. ತಟ್ಟೆಯಲ್ಲಿ ಉದ್ದುದ್ದ ಶಾವಿಗೆಯಂಥ ನೂಡಲ್ಸು, ಅದರ ಮೇಲೆ ಎಲೆಕೋಸು. ಜೋಳದ ರೊಟ್ಟಿ, ಪುಂಡಿಪಲ್ಯ ಬಿಟ್ಟು ಬೇರೆಯದನ್ನು ಮೂಗು ಮುರಿದೇ ತಿನ್ನುತ್ತಿದ್ದವಳು ಅಕ್ಕ. “ಉಣ್ಣು ಬೇ, ಪರದೇಶದ ಎಡಿ. ನಾಳಿ ನನಗ ಬೈಬ್ಯಾಡ” ಎಂದು ಗಂಗಮ್ಮ ಗೋಡೆಗೆ ಹೇಳಿದಳು. ನಾನು ನಕ್ಕೆ. ನಗುತ್ತಿದ್ದೇನೆ ಎಂದು ತಿಳಿದು ಗಾಬರಿಯಾಗಿ ನಿಲ್ಲಿಸಿದೆ.

ಆಗ ಮೇಘನಾ ಬಂದಳು. ವಿಶ್ರಾಂತಿ ತೆಗೆದುಕೊಳ್ಳಿ, ಸಂಜೆ ದೀಪ ಹತ್ತಿದ ಮೇಲೆ ನಿಮ್ಮ ಕಾರ್ಯಕ್ರಮ ಎಂದಳು. ನಮ್ಮ ಕಾರ್ಯಕ್ರಮ ಆಯಿತಲ್ಲ ಎಂದೆವು. ಇಲ್ಲ, ಅದು ಮೈಕು ಸರಿಯಿದೆಯೇ ಎಂದು ನೋಡುವುದಕ್ಕೆ, ಒಂದೆರಡು ಸೊಲ್ಲು ಸಾಕಿತ್ತು ಎಂದಳು.

ನಾನು ತಿನ್ನುತ್ತಿದ್ದ ತಟ್ಟೆ ಕೆಳಗಿಟ್ಟೆ. ಗಂಗಮ್ಮ ಮಾತ್ರ ತಟ್ಟೆಯಿಂದ ಕಣ್ಣು ಎತ್ತದೆ, ಮಂಗಳ ಆದ ಮೇಲೆ ಭಜನೆ ಇಲ್ಲ ಎಂದಳು. ಅದು ನಮ್ಮ ಕಟ್ಟಳೆ. ಮಂಗಳ ಹಾಡಿ ಗಂಟು ಕಟ್ಟಿದರೆ ಆ ದಿನ ತಾಳ ಬಿಚ್ಚುವಂತಿಲ್ಲ. ಮದುವೆಯಾದ ಹುಡುಗಿಯನ್ನು ಸಂಜೆ ಮತ್ತೆ ಮದುವೆ ಮಾಡುತ್ತಾರೆಯೇ ಎಂದು ಅವಳು ಮೇಘನಾಳನ್ನೇ ಕೇಳಿದಳು. ಆ ಹುಡುಗಿಗೆ ಅಳು ಬರುವುದೊಂದು ಬಾಕಿ. ದೂರದೂರದವರು ಬಂದು ಕೂರುತ್ತಾರೆ ಎಂದು ಮತ್ತೆ ಮತ್ತೆ ಹೇಳಿದಳು. ಅಷ್ಟರಲ್ಲಿ ಮೈಬೂಬಸಾಬ್ ಕೈ ತೊಳೆದು ಬಂದ.

“ನಾ ಮಧ್ಯಾಹ್ನ ನಮಾಜ್ ಮಾಡೇನಿ. ಸಂಜಿಗಿ, ಆಗ್ಯದ ಬಿಡು ಅಂತ ಕುಂಡ್ರಲೇನು?”

“ನಿಂದು ಐದು ಸಲದ್ದು, ನಮ್ದು ಒಂದ ಸಲದ್ದು. ನಡುವ ಬಾಯಿ ಹಾಕಬ್ಯಾಡ” ಎಂದಳು ಗಂಗಮ್ಮ.

ಇಬ್ಬರಿಗೂ ಜಗಳ ಹತ್ತಿತು. ನಿಜ ಹೇಳಬೇಕೆಂದರೆ ನನಗೆ ಗಂಗಮ್ಮನೇ ಗೆಲ್ಲಲಿ ಎಂದಿತ್ತು. ಒಮ್ಮೆ ಪದ ಬಂದಿದೆ. ಇನ್ನೊಮ್ಮೆ ಬರುತ್ತದೆ ಎಂದು ಯಾರು ಹೇಳಬೇಕು? ಇಷ್ಟಕ್ಕೇ ಗಂಟು ಕಟ್ಟಿ ಮನೆಗೆ ಹೋದರೆ, ಬಂತು ಎಂಬ ನೆನಪಾದರೂ ಉಳಿಯುತ್ತದೆ. ಗಂಟನ್ನೇ ನೋಡಿದೆ. ನೋಡುತ್ತ ನೋಡುತ್ತ ಜೇವರ್ಗಿಯ ನಮ್ಮ ಸೋದರತ್ತೆ ನೆನಪಾದಳು.

ಅದು ಗಂಗಮ್ಮ ನಮ್ಮ ಮೇಳಕ್ಕೆ ಸೇರುವ ಮೊದಲಿನ ಮಾತು. ಮನೆಯಲ್ಲಿ ಭಜನೆ ಇಟ್ಟುಕೊಂಡಿದ್ದೆವು. ಅತ್ತೆ ಜೇವರ್ಗಿಯಿಂದ ಹೊರಟು, ಬಸ್ಸು ಕೆಟ್ಟು, ನಮ್ಮ ಹೊಸ್ತಿಲಿಗೆ ಬಂದಾಗ ಮಂಗಳ ಮುಗಿದು ಜನ ಎದ್ದಿದ್ದರು. ಅತ್ತೆ ಚೀಲವನ್ನೂ ಇಳಿಸದೆ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಭಜನೆ ಕೇಳಲೆಂದೇ ಬಂದಿದ್ದೆ ಎಂದಳು, ಅಷ್ಟೇ. ಅಕ್ಕ ಯಾರನ್ನೂ ಕೇಳಲಿಲ್ಲ. ಗಂಟು ಬಿಚ್ಚಿದಳು. ಹಿರಿಯರೊಬ್ಬರು ತಡೆದದ್ದಕ್ಕೆ, ಈಗ ಬಂದವಳಿಗೆ ಇನ್ನೂ ಮಂಗಳ ಆಗಿಲ್ಲವಲ್ಲ ಎಂದು ಹೇಳಿ, ಗುರುವಿನ ಪದದಿಂದಲೇ ಮತ್ತೆ ಸುರು ಮಾಡಿದಳು. ಅತ್ತೆಯೊಬ್ಬಳಿಗಾಗಿ ಇಡೀ ಭಜನೆ ಮತ್ತೊಮ್ಮೆ ಆಯಿತು. ಅತ್ತೆ ಅರ್ಧಕ್ಕೇ ಗೋಡೆಗೊರಗಿ ಗೊರಕೆ ಹೊಡೆದಳು, ಅದು ಬೇರೆ ಮಾತು.

“ಸಂಜಿಗಿ ಬರೋರಿಗಿ ಇನ್ನಾ ಮಂಗಳ ಆಗಿಲ್ಲ” ಎಂದೆ. “ಗಂಟು ಬಿಚ್ಚೂನು.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಿದ್ದಕ್ಕಿಂತ, ಬೇರೆ ಯಾರೂ ಹೇಳುವ ಮೊದಲೇ ನಾನು ಹೇಳಿದ್ದು ಅವರಿಗೆ ವಿಚಿತ್ರವಾಗಿತ್ತು. ನನಗೂ ವಿಚಿತ್ರವಾಗಿತ್ತು. ಆ ಮಾತು ಎತ್ತಿಕೊಟ್ಟವರು ಯಾರು ಎಂದು ತಿರುಗಿ ನೋಡುವ ಹಾಗಾಯಿತು. ಗಂಗಮ್ಮ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ, “ಬಿಚ್ಚೂನು” ಎಂದಳು. ಮೈಬೂಬಸಾಬನೂ ಬಿಚ್ಚೋಣ ಎಂದ. ಹಿಂದಿನವರೂ ಅಂದರು.

ಸಂಜೆ ಕುರ್ಚಿಗಳು ತುಂಬಿದ್ದವು. ನಮಗಿಂತ ಮೊದಲು ಯಾವುದೋ ಬೆಟ್ಟದ ದೇಶದ ಹೆಂಗಸರು ಹಾಡಿದರು. ದೇಶದ ಹೆಸರನ್ನು ಮೇಘನಾ ಹೇಳಿದಳು, ನನ್ನ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಕಪ್ಪು ಲಂಗ, ತಲೆಗೆ ವಸ್ತ್ರ. ಏಕತಾರಿಯಿಲ್ಲ, ತಬಲಾ ಇಲ್ಲ, ಬರಿಯ ದನಿ. ಬೆಳ್ಳನೆಯ ಕೂದಲಿನ ಒಬ್ಬಳು ಎತ್ತುತ್ತಿದ್ದಳು, ಉಳಿದವರು ಹಿಂದೆ ಬರುತ್ತಿದ್ದರು. ಮಾತು ಒಂದೂ ತಿಳಿಯದು. ಆದರೆ ನನ್ನ ಕಣ್ಣು ಮುಂದಿನವಳ ಮೇಲೆ ನಿಲ್ಲಲಿಲ್ಲ. ಅವಳ ಎಡಕ್ಕೆ ನಿಂತು, ಅವಳ ಬಾಯಿಯನ್ನೇ ನೋಡುತ್ತ, ಸೊಲ್ಲು ಮುಗಿಯುವುದನ್ನೇ ಕಾಯುತ್ತಿದ್ದ ಗಿಡ್ಡ ಹೆಂಗಸಿನ ಮೇಲೆ ನಿಂತಿತು. ಅವಳು ನಮ್ಮವಳು ಅನಿಸಿತು.

ನಮ್ಮ ಪಾಳಿ ಬಂತು. ತಾಳ ಎತ್ತಿದೆ, ಒಂದು ಸುತ್ತು ಬಿಟ್ಟೆ. ಅಕ್ಕ ಬಂದಳು. ಮಧ್ಯಾಹ್ನದ ಹಾಗೆಯೇ ಅವಳದೊಂದು, ನನ್ನದೊಂದು. ಅಫಜಲಪುರದ ಹೆಂಗಸಿನ ಪದಕ್ಕೆ ಬರುವ ಹೊತ್ತಿಗೆ ನನಗೆ ಭಯ ಇರಲಿಲ್ಲ. ಇಷ್ಟೊಂದು ಜನ ಉಸಿರು ಬಿಗಿಹಿಡಿದು ಕುಳಿತಿದ್ದಾರೆ, ಅಕ್ಕ ಹಾಡುವುದು ನನ್ನೊಬ್ಬಳಿಗೆ ಕೇಳುತ್ತಿದೆ ಎಂದು ಒಮ್ಮೆ ಸ್ವಲ್ಪ ಜಂಬವೂ ಬಂತು. ಮಂಗಳದ ಮೊದಲ ಸೊಲ್ಲು ಹೇಳಿ, ಎರಡನೆಯದನ್ನು ಹೇಳಿ, ಮೂರನೆಯದಕ್ಕೆ ಉಸಿರು ಎಳೆಯುವಾಗ ಗಮನಕ್ಕೆ ಬಂತು. ನಾನು ಕಾದಿರಲಿಲ್ಲ. ಸೊಲ್ಲುಗಳು ನೇರವಾಗಿ ಬಂದುಬಿಟ್ಟಿದ್ದವು. ಅಯ್ಯೋ, ಅಕ್ಕನ ಜಾಗ ತುಳಿದೆನೇ ಎಂದು ಒಂದು ಕ್ಷಣ ತಡವರಿಸಿ, ಮುಂದಿನದಕ್ಕೆ ಬೇಕೆಂದೇ ಸುತ್ತು ಬಿಟ್ಟೆ. ಆ ಸುತ್ತಿನಲ್ಲಿ ಏಕತಾರಿ ಕೇಳಿಸಿತು, ತಬಲಾ ಕೇಳಿಸಿತು. ಬೇರೇನೂ ಕೇಳಿಸಲಿಲ್ಲ. ಅಕ್ಕ ಸುಮ್ಮನಿದ್ದಳು. ಸಿಟ್ಟಿನಿಂದ ಸುಮ್ಮನಾದ ಹಾಗೆ ಅನಿಸಲಿಲ್ಲ. ರೊಟ್ಟಿ ಬಡಿದು ಮುಗಿಸಿ, ಇನ್ನು ನೀನು ನೋಡಿಕೋ ಎಂದು ಗೋಡೆಗೆ ಒರಗಿ ಕೂರುತ್ತಿದ್ದಳಲ್ಲ, ಹಾಗೆ.

ಇಳಿದು ಬಂದಾಗ ಆ ಬೆಳ್ಳನೆಯ ಕೂದಲಿನ ಹೆಂಗಸು ಮೇಘನಾಳ ಕೈ ಹಿಡಿದುಕೊಂಡು ಬಂದಳು. ಪ್ರತಿ ಸೊಲ್ಲಿನ ಮೊದಲು ಒಂದು ಸುತ್ತು ಸುಮ್ಮನಿರುತ್ತೀರಲ್ಲ, ಅದು ನಿಮ್ಮ ಸಂಪ್ರದಾಯವೇ ಎಂದು ಕೇಳುತ್ತಿದ್ದಾರೆ ಎಂದಳು ಮೇಘನಾ. ನಾನು ಬಾಯಿ ತೆರೆಯುವ ಮೊದಲೇ ಗಂಗಮ್ಮ ಮುಖದ ಒಂದು ಗೆರೆಯೂ ಅಲುಗಿಸದೆ ಉತ್ತರ ಕೊಟ್ಟಿದ್ದಳು.

“ಹೌದ್ರಿ. ಹಿರೇರಿಂದ ಬಂದದ್ದು.”

ಹೆಂಗಸು ಬಹಳ ಗೌರವದಿಂದ ತಲೆದೂಗಿದಳು. ಅದನ್ನು ಕಲಿಯಲು ಎಷ್ಟು ವರ್ಷ ಬೇಕಾಯಿತು ಎಂದು ನನ್ನನ್ನೇ ನೋಡಿ ಕೇಳಿದಳು. ನಿಂಬರ್ಗಾದ ಬಾವಿ ಕಣ್ಣ ಮುಂದೆ ಬಂತು.

“ಸಣ್ಣಾಕಿ ಇದ್ದಾಗಿಂದ ಕಲಿತೇನ್ರಿ” ಎಂದೆ. ಅದು ಸುಳ್ಳಲ್ಲ.

ಹೊರಡುವಾಗ ಮೇಘನಾ ಅಕ್ಕನ ಕಾರ್ಡನ್ನು ಕೇಳಲಿಲ್ಲ. ನಾನೂ ಕೊಡಲಿಲ್ಲ. ಜೀಪು ಕೋಟೆಯ ಬಾಗಿಲು ದಾಟುವುದರೊಳಗೆ ನಾನು ಗಂಗಮ್ಮನ ಭುಜಕ್ಕೆ ಒರಗಿ ನಿದ್ದೆ ಹೋದೆನಂತೆ. ಶ್ರಾವಣದಿಂದ ಈಚೆಗೆ ನಾನು ನಿದ್ದೆ ಮಾಡಿದ್ದು ಎಂದರೆ ಅದೇ. ಸರಸಂಬಾದಲ್ಲಿ ಎಬ್ಬಿಸಿದಾಗ, ನಿನ್ನ ಜೊಲ್ಲಿಗೆ ನನ್ನ ಸೀರೆ ಹಾಳಾಯಿತು ಎಂದು ಅವಳು ಜಗಳ ತೆಗೆದಳು.

ಈಗ ಸೋಮವಾರದ ಭಜನೆ ಮತ್ತೆ ನಡೆದಿದೆ. ಗಂಗಮ್ಮನ ಸೊಸೆ ರೇಣುಕಾ ನನ್ನ ಹಿಂದೆ ಹಾಡುತ್ತಾಳೆ. ಕಿವಿ ಚಲೋ ಇದೆ. ನಾನು ತಪ್ಪು ಹೇಳಿದರೆ ತಪ್ಪನ್ನೂ ಹಾಗೇ ಹೇಳುತ್ತಾಳೆ, ಅಂಥ ಕಿವಿ. ಒಂದೊಂದು ದಿನ ತಾಳ ಎತ್ತಿದಾಗ ಆ ಖಾಲಿ ಸುತ್ತು ತಾನಾಗಿ ಬರುತ್ತದೆ, ಆಗ ಬಿಟ್ಟುಕೊಡುತ್ತೇನೆ. ಒಂದೊಂದು ದಿನ ಬರುವುದಿಲ್ಲ. ಬರಲಿಲ್ಲ ಎಂದು ಮೊದಲಿನ ಹಾಗೆ ಗಾಬರಿಯಾಗುವುದಿಲ್ಲ.

ಮೊನ್ನೆಯ ಸೋಮವಾರ ಗುರುವಿನ ಪದದಿಂದ ಮಂಗಳದವರೆಗೆ ಒಂದು ಸುತ್ತೂ ಬಿಡದೆ ಹಾಡಿ ಮುಗಿಸಿದೆ. ಮುಗಿದ ಮೇಲೇ ಅದು ನನಗೆ ತಿಳಿದದ್ದು. ವಸ್ತ್ರ ಹಾಸಿ ತಾಳ ಇಡುತ್ತಿದ್ದೆ. ಗಂಗಮ್ಮ ಏಕತಾರಿಯನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದಳು.

“ಏನ ಬೇ, ಇವತ್ತ ಹಿರೇರ ಸಂಪ್ರದಾಯ ಬಿಟ್ಟೀದಿ.”

ಗಂಟು ಅರ್ಧ ಕಟ್ಟಿದ್ದೆ. ಕೈ ಅಲ್ಲಿಗೇ ನಿಂತಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಅಳುತ್ತಾಳೋ ಏನೋ ಎಂದು. ನಾನು ನಕ್ಕೆ. ನಾನು ನಕ್ಕ ಮೇಲೆ ಅವರು ನಕ್ಕರು.